ನಾಲ್ಕನೆಯ ಮೈದಾನ

ಗರಿಕೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಗಣಪತಿಗೆ ಅದು ಪ್ರಿಯವಂತೆ, ಇರಲಿ. ವರ್ಷಕ್ಕೊಂದು ದಿನ ಇಪ್ಪತ್ತೊಂದು ಎಳೆ ಅವನಿಗೆ ಕೊಟ್ಟು, ಉಳಿದದ್ದನ್ನೆಲ್ಲ ಬುಡಸಮೇತ ಕಿತ್ತು ಬದುವಿನ ಮೇಲೆ ಬಿಸಿಲಿಗೆ ಒಣಗಿಸುವುದು ನಮ್ಮ ಮನೆತನದ ಕಸುಬು. ತಾತ ಕಿತ್ತ, ಅಪ್ಪ ಕಿತ್ತ, ನಾನೂ ಕಿತ್ತೆ. ರಾಗಿ ಹೊಲದಲ್ಲಿ ಅದರ ಒಂದು ಗೆಣ್ಣು ಬಿಟ್ಟರೂ ಮುಂದಿನ ಮಳೆಗೆ ಮೊಳದುದ್ದ ಹಬ್ಬಿಕೊಂಡು ಕೂತಿರುತ್ತದೆ. ಅಂಥ ನಾನು ಒಂದು ಕಾಲದಲ್ಲಿ ಹುಲ್ಲು ಬೆಳೆಸುವ ಕೆಲಸಕ್ಕೆ ಸೇರಿದ್ದೆ, ಅದಕ್ಕಾಗಿ ಸಮುದ್ರದ ದಡದುದ್ದಕ್ಕೂ ನಾಲ್ಕು ಗಾಲ್ಫ್ ಮೈದಾನಗಳನ್ನು ನೋಡಿ ಬಂದಿದ್ದೆ ಎಂದರೆ ಚಿನಕುರಳಿಯಲ್ಲಿ ಇವತ್ತಿಗೂ ನಗುತ್ತಾರೆ. ನಗಲಿ. ನಗುವಂಥದ್ದು ಅದರಲ್ಲಿ ಇದೆ. ನಗಲಾಗದ್ದೂ ಒಂದಿದೆ, ಅದನ್ನು ಹೇಳಲೆಂದೇ ಕೂತಿದ್ದೇನೆ.

ಇದು ತೊಂಬತ್ತೈದನೇ ಇಸವಿಯ ಮಾತು, ಈಗ್ಗೆ ನಾಲ್ಕು ವರ್ಷ. ನಮ್ಮೂರಿಂದ ಶ್ರೀರಂಗಪಟ್ಟಣದ ಕಡೆ ಹೋಗುವಾಗ ಎಡಕ್ಕೊಂದು ಬೋರೆ ಸಿಗುತ್ತದೆ. ನಾಲೆ ನೀರು ಹತ್ತದ ಏರುನೆಲ. ತುದಿಯಲ್ಲಿ ನಿಂತರೆ ದೂರದಲ್ಲಿ ಕರಿಘಟ್ಟ ಕಾಣುತ್ತದೆ. ಮೈಸೂರಿನ ಯಾರೋ ಒಬ್ಬರ ಜಮೀನು, ಅವರು ಅತ್ತ ತಲೆ ಹಾಕಿದವರಲ್ಲ. ಉತ್ತವರಿಲ್ಲ, ಬಿತ್ತಿದವರಿಲ್ಲ. ಚಿಕ್ಕಬೀರಯ್ಯನ ಕುರಿಗಳೇ ಅದರ ಒಡೆಯರಾಗಿದ್ದವು. ಅವನ ಅಪ್ಪನ ಕಾಲದಿಂದಲೂ ಅವು ಅಲ್ಲೇ ಮೇಯುತ್ತಿದ್ದವು.

ಬೀರ ಮತ್ತು ನಾನು ನಾಲ್ಕನೇ ಕ್ಲಾಸಿನವರೆಗೆ ಒಂದೇ ಮಣೆಯ ಮೇಲೆ ಕೂತವರು. ಆಮೇಲೆ ಅವನು ಕುರಿಯ ಹಿಂದೆ ಹೋದ. ನಾನು ಎಸ್ಸೆಸ್ಸೆಲ್ಸಿಯವರೆಗೆ ಎಳೆದುಕೊಂಡು ಹೋಗಿ, ಲೆಕ್ಕದಲ್ಲಿ ಡುಮ್ಕಿ ಹೊಡೆದು, ಗದ್ದೆಗೆ ಬಂದೆ. ಊರು ಬೇರೆಯಾಗಲಿಲ್ಲ, ದಾರಿ ಬೇರೆಯಾಯಿತು, ಅಷ್ಟೆ. ರಾಗಿ ಕೊಯ್ಲಾದ ಮೇಲೆ ಪ್ರತಿ ವರ್ಷ ಅವನ ಮಂದೆ ನನ್ನ ಹೊಲದಲ್ಲಿ ತಂಗುತ್ತಿತ್ತು. ಹೊಲಕ್ಕೆ ಗೊಬ್ಬರ, ಅವನಿಗೆ ನಮ್ಮ ಮನೆ ಊಟ. ಅವನ ಹೆಂಡತಿ ಮುತ್ತಮ್ಮ ನನ್ನನ್ನು ಅಣ್ಣ ಎನ್ನುತ್ತಿದ್ದಳು.

ಆ ಬೋರೆಯನ್ನು ಮೈಸೂರಿನ ಹೋಟೆಲ್ ಸಾಹುಕಾರರೊಬ್ಬರು ಕೊಂಡರು. ಬೆಂಗಳೂರಿನಿಂದ ಕಾರಿನಲ್ಲಿ ಬರುವವರಿಗೆಂದು ಎಂಟು ಕೋಣೆಯ ಬಂಗಲೆ ಕಟ್ಟಿಸಿದರು. ಅದರ ಮುಂದೆ ಒಂಬತ್ತು ಗುಂಡಿಯ ಗಾಲ್ಫ್ ಮೈದಾನ ಆಗಬೇಕು ಎಂದರು. ಸುತ್ತ ಮುಳ್ಳುತಂತಿಯ ಬೇಲಿ ಬಿತ್ತು. ಬೀರನ ಕುರಿಗಳು ಕಲ್ಲು ಕ್ವಾರಿಯ ಕಡೆ ಹೋಗತೊಡಗಿದವು. ಅಲ್ಲಿ ಮೇವಿಗಿಂತ ಧೂಳೇ ಹೆಚ್ಚು. ಕುರಿ ಕೆಮ್ಮುವುದನ್ನು ನಾನು ಮೊದಲು ಕೇಳಿದ್ದು ಆ ವರ್ಷ.

ಮೈದಾನದ ಮ್ಯಾನೇಜರು ಕಿಶನ್ ಎಂಬ ಹುಡುಗ. ಹುಡುಗ ಅಂದೆ, ಮೂವತ್ತು ದಾಟಿರಬೇಕು. ಎಲ್ಲರನ್ನೂ ನೀವು ಎಂದೇ ಮಾತಾಡಿಸುತ್ತಿದ್ದರು. ನೆಲ ಮಟ್ಟ ಮಾಡುವವರು ಯಾರು ಎಂದು ಊರಲ್ಲಿ ಕೇಳಿದಾಗ ಎಲ್ಲರೂ ರಂಗಸ್ವಾಮಿ ಎಂದು ನನ್ನ ಹೆಸರು ಹೇಳಿದರಂತೆ. ಅದು ನಿಜವೇ. ನಾಟಿಗೆ ಮುಂಚೆ ಗದ್ದೆಗೆ ಹಲಗೆ ಹೊಡೆದರೆ ಈ ತುದಿಯಿಂದ ಆ ತುದಿಗೆ ನೀರು ಒಂದೇ ಗೇಣು ನಿಲ್ಲಬೇಕು. ಅದು ನನ್ನ ಕಣ್ಣಿಗೆ ಗೊತ್ತು. ಕಿಶನ್ ನಕ್ಷೆ ಹಾಸಿದರು. ನಾನು ನಕ್ಷೆ ನೋಡಲಿಲ್ಲ, ಒಂದು ಚೊಂಬು ನೀರು ತರಿಸಿ ನೆಲಕ್ಕೆ ಸುರಿದು ಅದು ಎತ್ತ ಹೋಗುತ್ತದೆಂದು ನೋಡಿದೆ. ಅವರಿಗೆ ಅದು ಬಹಳ ಹಿಡಿಸಿತು. ಸಂಕ್ರಾಂತಿ ಹೊತ್ತಿಗೆ ಮಣ್ಣಿನ ಕೆಲಸ ಮುಗಿಯಿತು, ಹುಲ್ಲಿನ ಕೆಲಸ ಉಳಿಯಿತು.

ಆ ಹುಲ್ಲು ಬೀಜದಿಂದ ಬರುವುದಲ್ಲವಂತೆ, ಕಡ್ಡಿ ತಂದು ನೆಡಬೇಕಂತೆ. ಕರಾವಳಿಯಲ್ಲಿ ಸಾಹುಕಾರರಿಗೆ ಗುರುತಿದ್ದ ನಾಲ್ಕು ಮೈದಾನಗಳಿದ್ದವು. ನಾಲ್ಕನ್ನೂ ಹೋಲಿಸಿ ನೋಡಿ, ಯಾವುದು ಚೆನ್ನಾಗಿದೆಯೋ ಅಲ್ಲಿಂದ ಕಡ್ಡಿ ತನ್ನಿ ಎಂದು ಕಿಶನ್ ಹೇಳಿದರು. ನನಗೆ ಮಟ್ಟ ಗೊತ್ತು, ಹುಲ್ಲು ಗೊತ್ತಿಲ್ಲ, ಗೊತ್ತಿರುವವನೊಬ್ಬನಿದ್ದಾನೆ, ಅವನನ್ನೂ ಕರೆದೊಯ್ಯುತ್ತೇನೆ ಎಂದೆ. ಅವರು ಒಪ್ಪಿ, ಮೈದಾನದವರಿಗೆ ತೋರಿಸಲು ಒಂದು ಪತ್ರ ಬರೆದುಕೊಟ್ಟರು. ನಾನು ಬಾಗಿಲು ದಾಟುವಾಗ ಇನ್ನೊಂದು ಮಾತು ಹೇಳಿದರು. ಹುಲ್ಲು ನೋಡಿಕೊಳ್ಳಲು ಒಬ್ಬರನ್ನು ಖಾಯಂ ಮಾಡಿಕೊಳ್ಳುತ್ತಾರೆ, ಒಬ್ಬರನ್ನು ಮಾತ್ರ. ಯಾರೆಂದು ನಾನೇ ಬಂದು ಹೇಳಬೇಕು.

ನನಗೆ ನಾಲೆ ಬಯಲಲ್ಲಿ ಎರಡೆಕರೆ ಗದ್ದೆ ಇದೆ, ಮೇಲೆ ರಾಗಿ ಹೊಲವಿದೆ. ಬೀರನಿಗೆ ಇದ್ದದ್ದು ಕುರಿ, ಕುರಿಗೆ ಇದ್ದ ಬೋರೆ ಹೋಗಿತ್ತು. ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲೇ ಅವನಿಗೆ ಹೇಳಿಬಿಟ್ಟೆ, ಬಂದ ಮೇಲೆ ಆ ಕೆಲಸ ನಿನಗೇ ಕೊಡಿಸುತ್ತೇನೆ ಎಂದು. ಅವನು ಮುತ್ತಮ್ಮ ಕಟ್ಟಿಕೊಟ್ಟಿದ್ದ ಹುರಿಹಿಟ್ಟಿನ ಗಂಟು ಬಿಚ್ಚಿ, ಬೆಲ್ಲ ಮುರಿದು, ಅರ್ಧಕ್ಕಿಂತ ಹೆಚ್ಚು ನನ್ನ ಕಡೆ ತಳ್ಳಿದ.

ಮಡಿಕೇರಿ ಘಾಟಿಯಲ್ಲಿ ಅವನು ಕಂಬಳಿಯನ್ನು ಮುಖಕ್ಕೆ ಸುತ್ತಿಕೊಂಡು ಮನೆದೇವರು ಬೀರಪ್ಪನನ್ನು ನೆನೆಯುತ್ತ ಕೂತಿದ್ದ. ಮಂಗಳೂರು ದಾಟಿದ ಮೇಲೆ ಸಮುದ್ರ ಕಂಡಿತು. ಅದನ್ನು ನಾನೂ ಮೊದಲ ಸಲ ನೋಡುತ್ತಿದ್ದೆ, ಆದರೆ ನೋಡಿದವನ ಹಾಗೆ ನಟಿಸಿದೆ. ಬೀರ ಬಹಳ ಹೊತ್ತು ನೋಡಿ ಒಂದೇ ಮಾತು ಹೇಳಿದ.

“ಇಷ್ಟ್ ನೀರದೆ, ಕುರಿಗೊಂದ್ ಗುಟ್ಕಿಲ್ಲ.”

ನಾನೊಂದು ನೋಟುಪುಸ್ತಕ ಒಯ್ದಿದ್ದೆ. ಮಟ್ಟ, ನೀರು, ಹುಲ್ಲು ಎಂದು ಗೆರೆ ಎಳೆದು ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವುದು ನನ್ನ ಯೋಚನೆ. ಪರೀಕ್ಷೆಯಲ್ಲಿ ನನಗೆ ಬಾರದ ಅಂಕವನ್ನು ಇನ್ನೊಬ್ಬರಿಗೆ ಹಾಕುವುದರಲ್ಲಿ ಒಂದು ಸುಖವಿತ್ತು. ಬೀರನಿಗೆ ಪುಸ್ತಕ ಬೇಕಿರಲಿಲ್ಲ. ಅವನ ಲೆಕ್ಕವೇ ಬೇರೆ: ಇಲ್ಲಿ ಎಷ್ಟು ಕುರಿ ಎಷ್ಟು ದಿನ ಮೇಯಬಹುದು.

ಮೊದಲನೆಯದು ಬಂದರಿನ ಹತ್ತಿರ, ಯಾವುದೋ ಕಾರ್ಖಾನೆಯವರದು. ಬೂಟಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಗೇಟಿನವನು ತಡೆದ. ಬೀರ ತನ್ನ ಎಕ್ಕಡಗಳನ್ನು ಬಿಟ್ಟು, ದೇವಸ್ಥಾನದ ಮುಂದೆ ನಿಂತವನಂತೆ ಕೈ ಮುಗಿದ. ಗೇಟಿನವನು ದಾರಿ ಬಿಟ್ಟ. ಹುಲ್ಲು ದಟ್ಟವಾಗಿತ್ತು, ಆದರೆ ಅಲ್ಲಲ್ಲಿ ನೀರು ನಿಲ್ಲುತ್ತಿತ್ತು. ನಾನು ಆರು ಅಂಕ ಹಾಕಿದೆ. ಬೀರ ಒಂದೆಳೆ ಕಿತ್ತು ಅಗಿದು ಉಗಿದ. ಉಪ್ಪಂತೆ, ಕುರಿ ಒಂದು ದಿನ ತಿಂದು ಮರುದಿನ ನೀರು ನೀರು ಎಂದು ಅರಚುತ್ತದಂತೆ.

ಎರಡನೆಯದು ಕೆಂಪು ಕಲ್ಲಿನ ಹಾಸಿನ ಮೇಲೆ. ಇಳಿಜಾರು ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಮಾಡಿದವನ ಕೈ ಹಿಡಿದು ಮಾತಾಡಿಸಬೇಕು ಅನ್ನಿಸಿತು. ಏಳು ಅಂಕ. ಬೀರ ಹಿಮ್ಮಡಿಯಿಂದ ಅದುಮಿ ನೋಡಿ, ಬೇರು ಗೇಣುದ್ದವೂ ಇಳಿದಿಲ್ಲ, ಮಳೆ ನಿಂತ ತಿಂಗಳಿಗೆ ಸಾಯುತ್ತದೆ ಎಂದ.

ಮೂರನೆಯದು ತೆಂಗಿನ ತೋಪಿನ ನಡುವೆ, ದೊಡ್ಡ ಹೋಟೆಲಿನದು. ಬಿಳಿಯರು ಆಡುತ್ತಿದ್ದರು. ಅಗಲ ಎಲೆಯ ಹುಲ್ಲು, ಕಾಲಿಟ್ಟರೆ ಹಾಸಿಗೆ. ನಾನು ಮರುಳಾಗಿ ಒಂಬತ್ತು ಹಾಕಿದೆ. ಬೀರ ಕಂಬಳಿ ಹಾಸಿ ಅದರ ಮೇಲೆ ಆರಾಮಾಗಿ ಮಲಗಿದ. ಯಾರಾದರೂ ಬಂದು ಬೈಯುತ್ತಾರೆಂದು ನಾನು ಸುತ್ತ ನೋಡುತ್ತ ನಿಂತೆ. ಒಂದು ಬೀಡಿ ಸೇದುವಷ್ಟು ಹೊತ್ತಾದ ಮೇಲೆ ಎದ್ದು ಕಂಬಳಿ ತೆಗೆದು ತೋರಿಸಿದ. ಅವನು ಮಲಗಿದ್ದ ಗುರುತು ಹಾಗೇ ಇತ್ತು. ಬಿದ್ದರೆ ಏಳದ ಹುಲ್ಲು, ಒಂದು ಮಂದೆ ಹಾದುಹೋದರೆ ಮುಗಿಯಿತು ಎಂದ. ಗಾಲ್ಫ್ ಮೈದಾನದಲ್ಲಿ ಮಂದೆ ಯಾಕೆ ಹಾಯುತ್ತದೆ ಎಂದು ನಾನು ರೇಗಿದೆ. ಆದರೂ ಒಂಬತ್ತನ್ನು ಹೊಡೆದುಹಾಕಿ ಆರು ಮಾಡಿದೆ.

ನಾಲ್ಕನೆಯದಕ್ಕೆ ಬಡಗಲಿಗೆ ಬಹಳ ದೂರ ಹೋಗಬೇಕಾಯಿತು. ಸಮುದ್ರಕ್ಕೆ ಚಾಚಿದ ಒಂದು ಗುಡ್ಡ, ಅದರ ತುದಿಯಲ್ಲಿ ಹಳೆಯ ದೀಪಸ್ತಂಭ. ಯಾವ ಕಾಲದಲ್ಲೋ ಯಾರೋ ಮಾಡಿಟ್ಟು ಮರೆತಂಥ ಸಣ್ಣ ಮೈದಾನ. ಆಡುವವರು ಒಬ್ಬರೂ ಇರಲಿಲ್ಲ. ಮುದುಕ ಮಾಲಿಯೊಬ್ಬ ಕತ್ತರಿಸುವ ಮಿಷನ್ನಿಗೆ ಎಣ್ಣೆ ಬಿಡುತ್ತ ಕೂತಿದ್ದ. ನಾನು ಚೊಂಬಿನ ನೀರು ಸುರಿದೆ. ಅದು ಎತ್ತಲೂ ಓಡಲಿಲ್ಲ, ಎತ್ತಲೂ ನಿಲ್ಲಲಿಲ್ಲ, ಸುರಿದಲ್ಲೇ ಸಮನಾಗಿ ಇಂಗಿತು. ಹುಲ್ಲು ಸಣ್ಣೆಳೆಯದು, ಬಿಗಿ. ಬೀರ ಒಂದು ಸುತ್ತು ಬರಿಗಾಲಲ್ಲಿ ನಡೆದು ಬಂದು, ಇನ್ನೊಂದು ಸುತ್ತಿಗೆ ಹೊರಟ. ನಾನು ಹತ್ತಕ್ಕೆ ಹತ್ತು ಹಾಕಿದೆ.

ಅಲ್ಲೇ ಒಂದು ಗೋಣಿ ಮರದ ನೆರಳಲ್ಲಿ ಕೂತು ಹುರಿಹಿಟ್ಟು ತಿಂದೆವು. ಮಾಲಿಗೂ ಕೊಟ್ಟೆವು. ಅವನು ನಮಗೊಂದು ಬಿಳಿ ಚೆಂಡು ಕೊಟ್ಟ. ಬೀರ ತನ್ನ ಕುರಿ ಕಾಯುವ ದೊಣ್ಣೆಯನ್ನು ತಿರುಗಿಸಿ ಹಿಡಿದು, ಚಿನ್ನಿದಾಂಡು ಆಡುವವನಂತೆ ಒಂದು ಕಾಲು ಮುಂದಿಟ್ಟು ಹೊಡೆದ. ಚೆಂಡು ಮೈದಾನ ದಾಟಿ, ಬಂಡೆ ದಾಟಿ ಸಮುದ್ರಕ್ಕೆ ಹೋಯಿತು. ನಲವತ್ತು ದಾಟಿದ ಗಂಡಸರು ಮೂವರು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾಲ್ಕನೇ ಕ್ಲಾಸು ದಾಟಿದ ಮೇಲೆ ನಾನು ಹಾಗೆ ನಕ್ಕಿದ್ದು ನೆನಪಿಲ್ಲ. ಆ ಮಧ್ಯಾಹ್ನವನ್ನು ಈಗಲೂ ನಾನು ಒಬ್ಬನೇ ಇದ್ದಾಗ ತೆಗೆದು ನೋಡುತ್ತೇನೆ.

ನಗು ಇನ್ನೂ ಮುಗಿದಿರಲಿಲ್ಲ. ಬೀರ ಮಿಷನ್ನು ಮುಟ್ಟದ ಅಂಚಿನಿಂದ ಉದ್ದಕ್ಕೆ ಬೆಳೆದ ಒಂದು ಕಡ್ಡಿ ಕಿತ್ತು ತಂದ. ತುದಿಯಲ್ಲಿ ತೆನೆ ಕೊಕ್ಕರೆಯ ಕಾಲ್ಬೆರಳಿನಂತೆ ಕವಲೊಡೆದಿತ್ತು.

“ರಂಗಾ, ಇದು ಗರಿಕೆ ಕಣ್ಲಾ.”

ನಾನು ಅಲ್ಲ ಎಂದೆ. ಇದು ವಿದೇಶದ ಹುಲ್ಲು, ಕಿಶನ್ ಸಾಹೇಬರು ಹೆಸರು ಸಮೇತ ಹೇಳಿದ್ದಾರೆ ಎಂದೆ. ಹೆಸರು ಏನಾದರೂ ಇರಲಿ ಜಾತಿ ಅದೇ, ಇಲ್ಲಿ ಮಿಷನ್ನು ಕತ್ತರಿಸುತ್ತದೆ, ನಮ್ಮಲ್ಲಿ ಕುರಿ ಕತ್ತರಿಸುತ್ತದೆ, ನನ್ನ ಕುರಿರೊಪ್ಪದ ಮುಂದೆ ಇದಕ್ಕಿಂತ ಬಿಗಿಯಾಗಿ ಬೆಳೆದಿದೆ, ಇಲ್ಲಿಂದ ಹೊತ್ತುಕೊಂಡು ಹೋಗುವುದು ಯಾಕೆ ಎಂದ ಅವನು. ನಾನು ದನಿ ಏರಿಸಿದೆ. ಮಾಲಿ ಏನೆಂದು ಕೇಳಿದ. ಬೀರ ಅವನ ಕಡೆ ತಿರುಗಿ, ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ಹೇಳಿದ:

“ಇವ್ನು ಉಟ್ಟಿರದೇ ಇದ್ನ ಕಿತ್ತಾಕಕ್ಕೆ. ಈಗ ಅತ್ತಕ್ಕತ್ತು ಕೊಟ್ಬುಟ್ಟವ್ನೆ.”

ಮಾಲಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ತಮಾಷೆಯ ಮಾತೇ ಅದು. ಸ್ವಲ್ಪ ಹೊತ್ತಿನ ಹಿಂದೆ ಆಡಿದ್ದರೆ ನಾನೂ ನಗುತ್ತಿದ್ದೆ. ಆದರೆ ಆಗ ನನ್ನ ಕೈಯಲ್ಲಿ ನೋಟುಪುಸ್ತಕವಿತ್ತು, ಜೇಬಿನಲ್ಲಿ ಮ್ಯಾನೇಜರ ಪತ್ರವಿತ್ತು, ನಾನೊಬ್ಬ ದೊಡ್ಡ ಮನುಷ್ಯ ಎಂಬ ಭ್ರಮೆ ತಲೆಗೇರಿತ್ತು. ಆರು ಗೋಣಿಚೀಲ ಕಡ್ಡಿ ತುಂಬಿಸಿದೆ. ಬಸ್ಸಿನ ಮೇಲೆ ಹಾಕಿ, ನಿಂತ ನಿಂತ ಊರಲ್ಲಿ ಮೇಲೆ ಹತ್ತಿ ನೀರು ಚಿಮುಕಿಸುತ್ತ ಬಂದೆವು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹುರಿಹಿಟ್ಟಿನ ಗಂಟನ್ನು ಅವನು ಎರಡು ಸಲ ಬಿಚ್ಚಿ, ಎರಡು ಸಲವೂ ಹಾಗೇ ಕಟ್ಟಿದ.

ಮರುದಿನ ಕಿಶನ್ ಕೇಳಿದರು, ಖಾಯಂ ಕೆಲಸ ಯಾರಿಗೆ ಎಂದು. ನಾನೇ ಮಾಡುತ್ತೇನೆ ಎಂದೆ. ಬೀರಯ್ಯ ಏನು ಹೇಳಿದರು ಎಂದಾಗ, ಕುರಿ ಕಾಯುವವನಿಗೆ ಮೇವು ಗೊತ್ತು, ಹುಲ್ಲೇನು ಗೊತ್ತು ಎಂದೆ. ಬೀರನಿಗೆ ಬೇರೆ ಹೇಳಿದೆ. ಸಾಹುಕಾರರು ಮನಸ್ಸು ಬದಲಾಯಿಸಿದರಂತೆ, ಆ ಕೆಲಸವೇ ಇಲ್ಲವಂತೆ ಎಂದೆ. ಅವನು ಆಗಲಿ ಬುಡು ಎಂದು ಕುರಿ ಹೊಡೆದುಕೊಂಡು ಹೋದ. ತಿಂಗಳ ಮೇಲೆ ನಾನು ಖಾಕಿ ಅಂಗಿ ತೊಟ್ಟು ಬೋರೆಗೆ ಹೋಗುವುದನ್ನು ಇಡೀ ಊರೇ ನೋಡಿತು, ಅವನೂ ನೋಡಿದ. ಕೇಳಲಿಲ್ಲ. ಕೇಳಿದ್ದರೆ ಜಗಳವಾಗಿ ಅಲ್ಲೇ ಮುಗಿಯುತ್ತಿತ್ತೋ ಏನೋ. ನಮ್ಮ ಮನೆ ಜಗಲಿಗೆ ಬರುವುದನ್ನು ಮಾತ್ರ ಬಿಟ್ಟ. ನನ್ನ ಹೆಂಡತಿ ಪ್ರಮೀಳಾ ಆ ಅಂಗಿ ಒಗೆಯುವಾಗಲೆಲ್ಲ, ಬೀರಣ್ಣ ಯಾಕೆ ಬರುತ್ತಿಲ್ಲ ಎಂದು ಕೇಳುತ್ತಿದ್ದಳು. ನಾನು ಕುರಿ ದೂರ ಹೋಗಿವೆ ಎನ್ನುತ್ತಿದ್ದೆ.

ಚೀಲದ ಕಡ್ಡಿಯನ್ನು ಮೊದಲು ಬಂಗಲೆಯ ಹಿಂದೆ ಮಡಿಯಲ್ಲಿ ನೆಟ್ಟು ಉಳಿಸಿಕೊಂಡೆ. ಮುಂಗಾರು ಬಿದ್ದ ಮೇಲೆ ಬಂಗಲೆಯ ಮುಂದಿನ ಮೂರು ಗುಂಡಿಗಳ ಸುತ್ತ, ಹದಿನೈದು ಹೆಜ್ಜೆಯ ಮೂರು ವೃತ್ತಗಳಲ್ಲಿ, ಸಾಲಾಗಿ ನೆಟ್ಟೆ. ದಸರಾಕ್ಕೆ ಉದ್ಘಾಟನೆ, ಮೊದಲಿಗೆ ಆ ಮೂರು ಸಾಕು ಎಂದಿದ್ದರು. ಕಡ್ಡಿ ಚಿಗುರಿತು. ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಹೋಗಿ ನೋಡುತ್ತೇನೆ, ಮೂರೂ ವೃತ್ತಗಳ ತುಂಬ ಗರಿಕೆ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು, ಮೊಳದುದ್ದ ಹಬ್ಬಿ, ಅಲ್ಲಲ್ಲಿ ಕೊಕ್ಕರೆ ಕಾಲಿನ ತೆನೆ. ನಮ್ಮ ಮಣ್ಣಿನ ಬುದ್ಧಿ ಇದೇ, ದುಬಾರಿ ಹುಲ್ಲಿನ ನಡುವೆಯೂ ನುಗ್ಗಿದೆ ಎಂದುಕೊಂಡೆ. ನನ್ನ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ ಸಾಯುವ ತಿಂಗಳಲ್ಲೂ ಬದುವಿನ ಮೇಲೆ ಕೂತು ಗರಿಕೆ ಕಿತ್ತವನು.

ಎಂಟು ಜನ ಹೆಂಗಸರನ್ನು ಕರೆಸಿ ನಾಲ್ಕು ದಿನ ಕೀಳಿಸಿದೆ. ಕಳೆ ಕೀಳುವ ಕುರುಜಿಗೆಯಿಂದ ಮಣ್ಣು ಕೆದಕಿ, ಬೇರಿನ ತುಂಡೂ ಉಳಿಯದ ಹಾಗೆ. ಎರಡನೇ ದಿನ ಅವರಲ್ಲೊಬ್ಬಳು, ಮಂಚಮ್ಮ, ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿದಳು:

“ಅಣ್ಣಯ್ಯ, ಇಲ್ಲಿ ಇರದೇ ಇದು. ಇದ್ನೂ ಕಿತ್ತಾಕುದ್ರೆ ಉಳ್ಯದೇನು?”

ಅವಳಿಗೆ ಬೈದೆ. ಒಳ್ಳೆ ಹುಲ್ಲು ಇದರ ನೆರಳಿಗೆ ಸಿಕ್ಕಿ ಅಡಗಿದೆ, ಬಿಸಿಲು ಬಿದ್ದರೆ ಏಳುತ್ತದೆ ಎಂದೆ. ಕಿತ್ತದ್ದನ್ನೆಲ್ಲ ಗುಡ್ಡೆ ಹಾಕಿಸಿದೆ. ಮಡಿಯಲ್ಲಿ ಉಳಿದಿದ್ದನ್ನೂ ಬಿಡಲಿಲ್ಲ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಮೂರೂ ವೃತ್ತಗಳಲ್ಲಿ ರಾಗಿ ಬಿತ್ತಬಹುದಿತ್ತು.

ಹದಿನೈದು ದಿನ ಕಾದೆ. ಏನೂ ಏಳಲಿಲ್ಲ. ರಜೆ ಮುಗಿಸಿ ಬಂದ ಕಿಶನ್ ಬರಿ ಮಣ್ಣು ನೋಡಿ, ಹುಲ್ಲು ಎಲ್ಲಿ ಎಂದರು. ಬರುತ್ತದೆ ಎಂದೆ. ಉದ್ಘಾಟನೆಯ ಕಾರ್ಡು ಅಚ್ಚಾಗಿ ಬಂದಿತ್ತು, ಮೇಜಿನ ಮೇಲೆ ಕಟ್ಟು ಕಟ್ಟಾಗಿ ಇತ್ತು. ಅಲ್ಲಿಂದ ನೇರ ಹೋಗಿ ಒಣಗಿದ ಗುಡ್ಡೆಯಿಂದ ಒಂದು ಎಳೆ ಎಳೆದು ನೋಡಿದೆ. ಇನ್ನೊಂದು ಎಳೆದೆ. ಎಲ್ಲ ಒಂದೇ ಸಣ್ಣೆಳೆ, ಒಂದೇ ಗೆಣ್ಣು, ಒಂದೇ ಕವಲು. ಸಮುದ್ರದ ದಡದಿಂದ ಆರು ಚೀಲದಲ್ಲಿ ತಂದದ್ದನ್ನು ನನ್ನ ಕೈಯಾರೆ, ಕೂಲಿ ಆಳು ಇಟ್ಟು ಕೀಳಿಸಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಬೀರನ ಮನೆಗೆ ಹೋದೆ. ಹೋಗದೆ ಬೇರೆ ದಾರಿ ಇರಲಿಲ್ಲ. ಮುತ್ತಮ್ಮ ಬಾಗಿಲಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಬನ್ನಿ ಎಂದಳು, ಅಣ್ಣ ಅನ್ನಲಿಲ್ಲ. ಬೀರನ ಮುಂದೆ ಎಲ್ಲ ಹೇಳಿದೆ. ಅವನು ನಗಲಿ ಎಂದು ಕಾದೆ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಎದ್ದು, ಮೂಲೆಯಲ್ಲಿದ್ದ ಸನಿಕೆ ತೆಗೆದುಕೊಂಡು, ಹಿತ್ತಲ ಕಡೆ ರೊಪ್ಪದ ಮುಂದಕ್ಕೆ ಕರೆದುಕೊಂಡು ಹೋದ.

ರೊಪ್ಪದ ಮುಂದಿನ ಆ ಬಯಲನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಆವತ್ತು ಮೊದಲ ಸಲ ನೋಡಿದೆ. ಮಂದೆಯ ಜೊತೆ ಹೋಗಲಾರದ ಎಳೆಮರಿಗಳು ದಿನವಿಡೀ ಅಲ್ಲೇ ಮೇಯುವುದು ಅವರ ಪದ್ಧತಿ. ಮೂರು ತಲೆಮಾರಿನ ಮರಿಗಳು ಕಚ್ಚಿ ಕಚ್ಚಿ ಗರಿಕೆ ನೆಲಕ್ಕಂಟಿ, ಸಣ್ಣೆಳೆಯಾಗಿ, ಕಂಬಳಿಯ ನೇಯ್ಗೆಯಂತೆ ಬಿಗಿದುಕೊಂಡಿತ್ತು. ದೀಪಸ್ತಂಭದ ಮೈದಾನಕ್ಕೂ ಇದಕ್ಕೂ ವ್ಯತ್ಯಾಸ ಹೇಳು ಎಂದರೆ ನನ್ನಿಂದ ಆಗುತ್ತಿರಲಿಲ್ಲ. ಚಪ್ಪಡಿ ಚಪ್ಪಡಿಯಾಗಿ ಕೆತ್ತಿಕೊಂಡು ಹೋಗಿ ಹಾಸು, ಮೂರು ವಾರದಲ್ಲಿ ಹಿಡಿದುಕೊಳ್ಳುತ್ತದೆ ಎಂದ. ಅಷ್ಟೂ ಕೆತ್ತಿದರೆ ಮರಿಗಳಿಗೆ ಏನು ಗತಿ ಎಂದು ಕೇಳಿದೆ.

“ಮರಿ ಎಲ್ಲವ್ಲಾ?”

ಆಗ ರೊಪ್ಪದ ಕಡೆ ನೋಡಿದೆ. ಮುಳ್ಳಿನ ಪಡಿ ತೆರೆದು ಬಿದ್ದಿತ್ತು. ಒಳಗೆ ಒಂದು ಕುರಿಯೂ ಇರಲಿಲ್ಲ. ಹಿಕ್ಕೆ ಕೂಡ ಒಣಗಿತ್ತು. ಮುತ್ತಮ್ಮ ಹಿಂದೆ ಬಂದು ನಿಂತಿದ್ದಳು. ನಾಗಮಂಗಲದ ಕಡೆಯ ವ್ಯಾಪಾರದವರಿಗೆ ಕೆ.ಆರ್. ಪೇಟೆ ಸಂತೆಯಲ್ಲಿ ಎಲ್ಲವನ್ನೂ ಕೊಟ್ಟು ಬಂದರು ಎಂದಳು. ಮೊರವನ್ನು ಕೈಯಿಂದ ಕೈಗೆ ಬದಲಾಯಿಸಿದಳು.

“ಬೇಲಿ ಬಿದ್ ಮ್ಯಾಕೆ ಮೇಯ್ಸದೆಲ್ಲಿ? ಕೆಲ್ಸಾನೂ ಇಲ್ಲ ಅಂದ್ರಲ್ಲ ನೀವು.”

ಅವಳು ನನ್ನನ್ನು ನೋಡುತ್ತಲೇ ಇದ್ದಳು. ನಾನು ಸನಿಕೆ ಹಿಡಿದುಕೊಂಡೆ.

ಐದು ದಿನ ಕೆತ್ತಿದೆವು. ಟ್ರಾಕ್ಟರಿನಲ್ಲಿ ಬೋರೆಗೆ ಸಾಗಿಸಿ, ನಾನು ಮಟ್ಟ ನೋಡುವುದು, ಅವನು ಒಂದೊಂದೇ ಚಪ್ಪಡಿಯನ್ನು ಮಗ್ಗುಲಿಗೆ ಮಗ್ಗುಲು ಸೇರಿಸಿ ಅಂಗೈಯಿಂದ ಅದುಮುವುದು. ಮಾತು ಇಷ್ಟೇ: ಆ ಕಡೆ, ಈ ಕಡೆ, ಒಸಿ ಎತ್ತು. ಕಿಶನ್ ದೂರದಿಂದ ನೋಡಿ ಸಮಾಧಾನಪಟ್ಟರು. ಹುಲ್ಲು ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಐದನೇ ದಿನದ ಹೊತ್ತಿಗೆ ಬೀರನ ರೊಪ್ಪದ ಮುಂದೆ ಬರಿ ಕೆಮ್ಮಣ್ಣು ಉಳಿದಿತ್ತು.

ದಸರಾಕ್ಕೆ ಸರಿಯಾಗಿ ಮೂರೂ ವೃತ್ತಗಳು ಹಸುರಾದವು. ಬೆಂಗಳೂರಿನಿಂದ ಇಪ್ಪತ್ತು ಕಾರು ಬಂದವು. ಸಾಹುಕಾರರು ಹುಲ್ಲಿನ ಮೇಲೆ ಕೈಯಾಡಿಸಿ ನೋಡಿ, ನನ್ನನ್ನು ಕರೆದು, ಎಲ್ಲರ ಎದುರು ಶಾಲು ಹೊದಿಸಿದರು. ಕರಾವಳಿಯ ನಾಲ್ಕರಲ್ಲಿ ಯಾವ ಮೈದಾನದ್ದು ಇದು ಎಂದು ಕೇಳಿದರು. ನೀರಿನ ತೊಟ್ಟಿಯ ಹತ್ತಿರ ಬೀರ ಬರಿಗಾಲಲ್ಲಿ, ರಬ್ಬರ್ ಪೈಪು ಹಿಡಿದು ನಿಂತಿದ್ದ. ಅವನಿಗೆ ಕೇಳಿಸುವಷ್ಟೇ ದೂರ. ಇಡೀ ಜನ್ಮದಲ್ಲಿ ನಿಜ ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕಿರಲಿಲ್ಲ.

“ನಾಲ್ಕನೇದು, ಸಾರ್,” ಎಂದೆ.

ಎಲ್ಲರ ಚಪ್ಪಾಳೆ ಬಿತ್ತು. ಬೀರ ನನ್ನ ಕಡೆ ನೋಡಲಿಲ್ಲ. ಪೈಪಿನ ನೀರು ಬಹಳ ಹೊತ್ತು ಒಂದೇ ಕಡೆ ಬೀಳುತ್ತಿತ್ತು.

ಊಟದ ಹೊತ್ತಿಗೆ ನನಗೆ ಎಲೆಯ ಮುಂದೆ ಕೂರಲಾಗಲಿಲ್ಲ. ಕಿಶನ್ ಅವರ ಕೋಣೆಗೆ ಹೋಗಿ, ಶಾಲು ಮಡಿಸಿ ಮೇಜಿನ ಮೇಲಿಟ್ಟು, ಆರು ಚೀಲದಿಂದ ಹಿಡಿದು ರೊಪ್ಪದ ಕೆಮ್ಮಣ್ಣಿನವರೆಗೆ ಒಂದೂ ಬಿಡದೆ ಹೇಳಿದೆ. ಖಾಯಂ ಕೆಲಸದ ವಿಷಯದಲ್ಲಿ ಆಡಿದ ಸುಳ್ಳನ್ನೂ ಹೇಳಿದೆ. ಗರಿಕೆ ಕೀಳಿಸಿದ ಕಡೆ ಅವರು ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. ಬೀರಯ್ಯನವರಿಗೆ ಈ ಮಾತನ್ನು ನೀವು ಹೇಳಿದಿರಾ ಎಂದು ಕೇಳಿದರು. ಇಲ್ಲ ಎಂದೆ.

ಆ ತಿಂಗಳ ಕೊನೆಗೆ ಖಾಕಿ ಅಂಗಿ ಬೀರನ ಮೈಮೇಲೆ ಬಂತು. ಅವನ ಮುಂದೆ ಹೋಗಿ ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಅವನೇ ಒಂದು ದಿನ ಜಗಲಿಗೆ ಬಂದು ಕೂತು, ಪ್ರಮೀಳಾಳ ಹತ್ತಿರ ಮಜ್ಜಿಗೆ ಕೇಳಿ ಕುಡಿದು, ಮಳೆಯ ಮಾತು, ನಾಲೆಯ ಮಾತು ಆಡಿ ಎದ್ದು ಹೋದ. ಆಮೇಲೆ ಬರುವುದು ಹೋಗುವುದು ಮೊದಲಿನಂತಾಯಿತು. ಆ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಂಗಲೆಯವರು ಅವನಿಗೆ ಕ್ಯಾನ್ವಾಸ್ ಬೂಟು ಕೊಟ್ಟಿದ್ದರು. ಬೆಳಗ್ಗೆ ಯಾರೂ ಬರುವ ಮುಂಚೆ ಅವನು ಅವನ್ನು ಬಿಚ್ಚಿಟ್ಟು ಮೂರೂ ವೃತ್ತಗಳ ಮೇಲೆ ಬರಿಗಾಲಲ್ಲಿ ಒಂದು ಸುತ್ತು ಹಾಕುತ್ತಿದ್ದುದನ್ನು ನಾನು ಗದ್ದೆಗೆ ಹೋಗುವಾಗ ನೋಡುತ್ತಿದ್ದೆ.

ಮೈದಾನ ಮೂರು ವರ್ಷ ನಡೆಯಿತು. ಬೆಂಗಳೂರಿನ ಕಾರು ಇಪ್ಪತ್ತರಿಂದ ಹತ್ತಾಗಿ, ಹತ್ತರಿಂದ ಒಂದೆರಡಾಗಿ, ಹೋದ ವರ್ಷ ಬಾಗಿಲು ಹಾಕಿದರು. ಕಿಶನ್ ಬೇರೆ ಹೋಟೆಲಿಗೆ ಹೋದರು. ಬೀರನನ್ನು ಕಾವಲಿಗೆ ಉಳಿಸಿ, ಬೇಕಾದರೆ ಕುರಿ ಮೇಯಿಸಿಕೊ ಎಂದು ಸಾಹುಕಾರರು ಹೇಳಿದ್ದಾರೆ. ಅಷ್ಟರಲ್ಲಿ ಅವನು ಒಂದೊಂದೇ ಕುರಿ ಹಿಡಿದು ಹನ್ನೊಂದು ಮಾಡಿಕೊಂಡಿದ್ದ. ಅವುಗಳಲ್ಲಿ ಎರಡನ್ನು ನಾನು ಪಾಲಿಗೆ ಕೊಟ್ಟದ್ದು. ಹುಟ್ಟಿದ ಮರಿಗಳಲ್ಲಿ ನನ್ನ ಪಾಲನ್ನು ನಾನು ಕೇಳಿಲ್ಲ.

ಮೊನ್ನೆ ಸಾಯಂಕಾಲ ಅಲ್ಲಿಗೆ ಹೋಗಿದ್ದೆ. ಮಧ್ಯದ ವೃತ್ತದಲ್ಲಿ ಕುರಿಗಳು ತಲೆ ತಗ್ಗಿಸಿ ಕರಕರ ಮೇಯುತ್ತಿದ್ದವು. ಒಂದು ಮರಿ ಗುಂಡಿಯೊಳಗೆ ಮೂತಿ ಇಟ್ಟು ಮಳೆ ನೀರು ಕುಡಿಯುತ್ತಿತ್ತು. ಮಿಷನ್ನಿಲ್ಲದಿದ್ದರೂ ಹುಲ್ಲು ಬಿಗಿಯಾಗೇ ಇತ್ತು. ಇಬ್ಬರೂ ಅಂಚಿನಲ್ಲಿ ಕೂತೆವು. ದೂರದಲ್ಲಿ ಕರಿಘಟ್ಟದ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಹಳೆಯ ನೋಟುಪುಸ್ತಕ ನೆನಪಾಯಿತು. ಉಪ್ಪು ಹುಲ್ಲು, ಕೆಂಪು ಕಲ್ಲು, ತೆಂಗಿನ ತೋಪಲ್ಲಿ ಅವನು ಕಂಬಳಿ ಹಾಸಿ ಮಲಗಿದ್ದು, ಸಮುದ್ರಕ್ಕೆ ಹೋದ ಚೆಂಡು, ಎಲ್ಲ ಮಾತಾಡಿ ನಕ್ಕೆವು. ಆ ನಗುವಿನ ಧೈರ್ಯದಲ್ಲಿ ಕೇಳಿದೆ, ಅಲ್ಲಿಯ ನಾಲ್ಕು, ಇಲ್ಲಿಯದೊಂದು, ಐದರಲ್ಲಿ ಯಾವುದು ಚೆನ್ನಾಗಿತ್ತು ಎಂದು. ಇದೇ ಎನ್ನುತ್ತಾನೆ ಎಂದುಕೊಂಡಿದ್ದೆ. ಇದು ಅವನ ರೊಪ್ಪದ ಮುಂದಿನ ಹುಲ್ಲು.

ಅವನು ಕುರಿಗಳ ಕಡೆ ನೋಡುತ್ತಲೇ ಹೇಳಿದ.

“ನಾಕ್ನೇದು ಕಣ್ಲಾ. ಉಲ್ಲಿಗಲ್ಲ. ಅಲ್ಲೀಗಂಟ ನೀನು ನಂಗೊಂದ್ ಸುಳ್ಳೂ ಏಳಿರ್ನಿಲ್ಲ.”

ಹೇಳಿ, ಮಡಿಲಿನ ಹುರಿಹಿಟ್ಟಿನ ಗಂಟು ಬಿಚ್ಚಿ, ಬೆಲ್ಲ ಮುರಿದು, ಅರ್ಧ ನನ್ನ ಕಡೆ ತಳ್ಳಿದ.